ಕೆಂಚನಿಗೆ ಬಂದ ಅಪ್ಪನ ಕಾಯಿಲೆ

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲಿನ ಬಟ್ಟಲಿದೆ. ಅಂಥದ್ದು ನಿಮ್ಮ ಮನೆಯಲ್ಲೂ ಇರಬಹುದು. ಪಾತ್ರೆಯಂಗಡಿಯವನು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದುಕೊಡುವಾಗ ಒಂದಕ್ಷರ ಡೊಂಕಾಗಿ, ಆ ಡೊಂಕಿನಿಂದಲೇ ಮದುವೆಮನೆಯ ರಾಶಿ ಪಾತ್ರೆಯೊಳಗೂ ಇದು ನಮ್ಮದೆಂದು ಗುರುತು ಹಿಡಿಯಬಹುದಾದ ಬಟ್ಟಲು. ಇದರ ಮೇಲಿರುವುದು ನಮ್ಮಪ್ಪ ಸಿದ್ದೇಗೌಡರ ಹೆಸರು. ಅಪ್ಪ ಹೋದರೂ ಹೆಸರು ಹೋಗಲಿಲ್ಲ. ಅವ್ವ ಬೂದಿ ಹಾಕಿ ಉಜ್ಜಿದಷ್ಟೂ ಅದು ಹೊಳೆಯುತ್ತಲೇ ಬಂತು. ಕಳೆದ ಕೆಲವು ವರ್ಷ ಅದರಲ್ಲಿ ಉಣ್ಣುತ್ತಿದ್ದವನು ಕೆಂಚ, ಒಂದು ಕಿವಿ ಹರಿದ, ಕೆಂಬಣ್ಣದ, ಅದಕ್ಕೂ ಮುಂಚೆ ಅರಕೆರೆಯ ಯಾವ ಮನೆಗೂ ಸೇರಿರದ ಗಂಡುಬೆಕ್ಕು.

ಬೆಕ್ಕಿಗೆ ಮನೆಯ ಯಜಮಾನನ ಬಟ್ಟಲೇ ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಸ್ವಲ್ಪ ತಾಳಿ. ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರು ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಮಾಡಿ, ಬಾಳೆಯೆಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸಬಟ್ಟೆಯಿಟ್ಟು, ಧೂಪ ಹಾಕಿ, ಕೋಣೆಯ ಬಾಗಿಲೆಳೆದುಕೊಂಡು ಮನೆಮಂದಿಯೆಲ್ಲ ಹೊರಗೆ ಕೂರುತ್ತೇವೆ. ಉಣ್ಣುವವರ ಮುಂದೆ ನಿಂತು ನೋಡಬಾರದು, ಬದುಕಿದ್ದವರಾದರೂ ಸರಿ, ಸತ್ತವರಾದರೂ ಸರಿ. ಅಪ್ಪ ತೀರಿದ ಮೇಲಿನ ಮೊದಲ ಹಬ್ಬದಲ್ಲಿ ಹಾಗೆಯೇ ಕೂತಿದ್ದು, ಆಮೇಲೆ ಅವ್ವ ಮೆಲ್ಲನೆ ಬಾಗಿಲು ತಳ್ಳಿದರೆ, ಕಜ್ಜಾಯ ಅರ್ಧ ಮಾಯವಾಗಿತ್ತು, ಬಟ್ಟಲಿನ ಹಾಲು ತಳ ಕಂಡಿತ್ತು, ಕಿಟಕಿಯ ಹರಿದ ಜಾಲರಿಯಿಂದ ನುಗ್ಗಿದ್ದ ಈ ಕೆಂಪು ಜೀವ ಅಪ್ಪನ ಫೋಟೋದ ಪಕ್ಕದಲ್ಲಿ ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು. ಹಬ್ಬಕ್ಕೆ ಬಂದಿದ್ದ ನಮ್ಮತ್ತೆ, ಅಪ್ಪನ ಅಕ್ಕ, ಪೊರಕೆ ಎತ್ತಿದರು. ಅವ್ವ ಅವರ ಕೈ ಹಿಡಿದುಕೊಂಡಳು.

"ಒಡೀಬ್ಯಾಡ್ರಿ ಕಣ್ರವ್ವ. ಅವ್ರು ಬಂದವ್ರೆ."

ಅಂದಿನಿಂದ ಕೆಂಚ ನಮ್ಮನೆಯವನಾದ. ಹೆಸರಿಟ್ಟವಳು ನಾನು, ಅವ್ವನ ಬಾಯಲ್ಲಿ ಆ ಹೆಸರು ಒಮ್ಮೆಯೂ ಬಂದದ್ದಿಲ್ಲ. ಗಂಡನ ಹೆಸರು ಹೇಳದೆ ಬಾಳಿದವಳು ಬೆಕ್ಕಿನ ಹೆಸರು ಹೇಳಿಯಾಳೇ? ಸಂಜೆ ಅವನು ಊರು ಸುತ್ತಿ ಜಗಲಿಗೆ ನೆಗೆದರೆ "ಬಂದ್ರಾ?" ಎನ್ನುವಳು. ಹಾಲನ್ನ, ಬೆಲ್ಲ ಹಾಕಿದ ಹಾಲು, ಹಬ್ಬ ಇರಲಿ ಬಿಡಲಿ ತುಪ್ಪದಲ್ಲಿ ಕರಿದ ಕಜ್ಜಾಯ, ಎಲ್ಲ ಆ ಬಟ್ಟಲಿಗೆ. ಕಿರಂಗೂರಿನ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಟ್ಟು, ಬಸ್ಸಿನಲ್ಲಿ ನಿಂತು ಸೋತು ಮನೆಗೆ ಬರುವ ಮಗಳಿಗೆ ಉಪ್ಪಿಟ್ಟು, ಇಡೀ ಹಗಲು ನಿದ್ದೆ ಹೊಡೆದವನಿಗೆ ಕಜ್ಜಾಯ! ನಾನು ಗೊಣಗುತ್ತಿದ್ದೆ, ಆದರೆ ತಡೆಯುತ್ತಿರಲಿಲ್ಲ. ತಡೆಯದೆ ಇರಲು ಕಾರಣವಿತ್ತು.

ಅಪ್ಪ ಆಲೆಮನೆ ನಡೆಸಿದವರು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲದ ಪಾಕಕ್ಕೆ ಬರುತ್ತದೆಂಬುದನ್ನು ಮೂಗಿನಿಂದಲೇ ಹೇಳುತ್ತಿದ್ದ ಮನುಷ್ಯ, ಬಾಳಿನ ಕೊನೆಯ ವರ್ಷಗಳಲ್ಲಿ ಸಕ್ಕರೆಯಿಲ್ಲದ ಕಾಫಿಯನ್ನು ಕಷಾಯದಂತೆ ಕಣ್ಣುಮುಚ್ಚಿ ಕುಡಿಯಬೇಕಾಯಿತು. ಊರಿಗೆಲ್ಲ ಸಿಹಿ ಹಂಚಿದವರ ರಕ್ತದಲ್ಲೇ ಸಿಹಿ ವಿಷವಾಯಿತು. ಕಾಲಿನ ಗಾಯ ಮಾಯಲಿಲ್ಲ, ಮೂತ್ರಪಿಂಡ ಸೋತಿತು. ಡಾಕ್ಟರು ಹೇಳಿದ ಪಥ್ಯವನ್ನು ಅವ್ವ ವ್ರತದಂತೆ ಪಾಲಿಸಿದಳು, ಬೆಲ್ಲದ ಡಬ್ಬಿಯನ್ನು ರಾಗಿಯ ಡ್ರಮ್ಮಿನೊಳಗೆ ಹೂತಿಟ್ಟಳು. ಕೊನೆಯ ದೀಪಾವಳಿಯಲ್ಲಿ ಅಪ್ಪ ಹಾಸಿಗೆಯಿಂದಲೇ ಕೈಚಾಚಿ, "ತಿನ್ನಕಿಲ್ಲ ಕಣೆ, ಮೂಸಿ ನೋಡ್ತೀನಿ, ಒಂದ್ ಕಜ್ಜಾಯ ಕೊಡು" ಎಂದು ಕೇಳಿದರು. ಅವ್ವ ಕೊಡಲಿಲ್ಲ. ಮುಂದಿನ ದೀಪಾವಳಿ ಅವರಿಗಿರಲಿಲ್ಲ.

ಹೀಗಾಗಿ ಕೆಂಚ ತಿನ್ನುತ್ತಿದ್ದದ್ದು ಕಜ್ಜಾಯವಲ್ಲ, ಅವ್ವನ ಪ್ರಾಯಶ್ಚಿತ್ತ. ಒಬ್ಬರಿಗೆ ಕೊಡದ್ದನ್ನು ಇನ್ನೊಬ್ಬರ ಬಾಯಿಗಿಟ್ಟು ಸಮಾಧಾನ ಪಡುವುದು ನಮ್ಮೆಲ್ಲರ ಗುಣವೇ ಅಲ್ಲವೇ? ನಾವು ಪ್ರೀತಿಯನ್ನು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲದ ಜನ. ಏನಿದ್ದರೂ ತಟ್ಟೆಗೆ ಬಡಿಸುತ್ತೇವೆ. ಬಡಿಸಲು ತಪ್ಪಿದರೆ, ಹೇಳಬೇಕಾದ ಮಾತೊಂದು ಗಂಟಲಲ್ಲೇ ಉಳಿದು ಬಲಿಯುತ್ತದೆ. ಆ ಗಂಟನ್ನು ಕರಗಿಸಲು ಅವ್ವನಿಗೊಂದು ಬೆಕ್ಕು ಸಿಕ್ಕಿದ್ದು ನನ್ನ ಪಾಲಿಗೂ ನೆಮ್ಮದಿಯ ಸಂಗತಿಯಾಗಿತ್ತು.

ಈ ಸಲದ ಆಷಾಢದಲ್ಲಿ ಕೆಂಚ ತೊಟ್ಟಿಗೆ ಬಾಯಿಟ್ಟರೆ ಎತ್ತದೆ ನೀರು ಕುಡಿಯತೊಡಗಿದ. ತಿಂದೇ ತಿಂದ, ಆದರೂ ಬೆನ್ನೆಲುಬು ಕೈಗೆ ತಾಕತೊಡಗಿತು. ಹಿತ್ತಲಿನ ಮರಳುಗುಡ್ಡೆಯಲ್ಲಿ ಅವನು ಒದ್ದೆ ಮಾಡಿದ ಜಾಗಕ್ಕೆಲ್ಲ ಕೆಂಪಿರುವೆ ಮುತ್ತಿದ್ದನ್ನು ಮೊದಲು ಕಂಡವಳು ಅವ್ವ. ಸೆರಗನ್ನು ಬಾಯಿಗೊತ್ತಿಕೊಂಡು ಬಹಳ ಹೊತ್ತು ನೋಡುತ್ತ ನಿಂತಳು.

"ನಿಮ್ಮಪ್ಪನಿಗೂ ಬಚ್ಚಲಲ್ಲಿ ಇಂಗೇ ಮುತ್ಕತ್ತಿದ್ವು ಕಣವ್ವ."

ಮರುದಿನ ಕೆಂಚನನ್ನು ಬುಟ್ಟಿಗೆ ಹಾಕಿ, ಮೇಲೆ ಹಳೆಯ ಪಂಚೆ ಬಿಗಿದು, ಪಟ್ಟಣದ ಬಸ್ಸು ಹತ್ತಿದೆ. ಬುಟ್ಟಿಯೊಳಗಿನಿಂದ ಬಂದ ಅಳುವನ್ನು ಕೇಳಿ ಕಂಡಕ್ಟರು ಸಲಹೆ ಕೊಟ್ಟ: "ಬುಡಕ್ಕೋಯ್ತಾ ಇದ್ದೀರಾ ಮೇಡಂ? ಒಳೆ ದಾಟಿಸಿ ಬುಡಿ, ಇಲ್ದಿದ್ರೆ ತಿರ್ಗಾ ಬಂದ್ಬುಡ್ತದೆ." ಅವನ ತಪ್ಪಲ್ಲ. ನಮ್ಮ ಕಡೆ ಬೆಕ್ಕು ಬಸ್ಸು ಹತ್ತುವುದು ಊರು ಬಿಡಿಸಲಿಕ್ಕೇ ಹೊರತು ಆಸ್ಪತ್ರೆಗಲ್ಲ. ನಾನೂ ಹೊಳೆ ದಾಟಿಯೇ ಇಳಿದೆ. ನಾಯಿ-ಬೆಕ್ಕು ನೋಡುವ ಡಾಕ್ಟರು, ನಾಗಮಂಗಲದ ಕಡೆಯ ಹೆಣ್ಣುಮಗಳು, ಕೆಂಚನ ಕಿವಿಯಿಂದ ಒಂದು ತೊಟ್ಟು ರಕ್ತ ತೆಗೆದು, ಅಪ್ಪನ ಬೆರಳಿಗೆ ಚುಚ್ಚುತ್ತಿದ್ದಂಥದೇ ಪುಟ್ಟ ಯಂತ್ರಕ್ಕೆ ತಾಕಿಸಿದರು. ಆಮೇಲೆ ನನಗೆ ಕುರ್ಚಿ ತೋರಿಸಿದರು. ಕೂತುಕೊಳ್ಳಿ ಎಂದು ಡಾಕ್ಟರು ಹೇಳಿದರೆ ಸುದ್ದಿ ಒಳ್ಳೆಯದಲ್ಲವೆಂಬುದನ್ನು ಕಲಿಯಲು ನಮ್ಮ ಮನೆಯವರಿಗೆ ಇನ್ನೊಂದು ಸಲ ಬೇಕಿರಲಿಲ್ಲ.

ಹಾಲನ್ನ, ಬೆಲ್ಲ ಬಂದ್. ಮೊಟ್ಟೆ, ಮೀನು, ಬೇಯಿಸಿದ ಕೋಳಿ ಮಾತ್ರ. ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ನಿನ ಸೂಜಿ. ಬೇಗ ಹತೋಟಿಗೆ ತಂದರೆ ಕೆಲವು ಬೆಕ್ಕುಗಳಲ್ಲಿ ಈ ಕಾಯಿಲೆ ಹಿಂದೆ ಸರಿಯುವುದೂ ಉಂಟು, ತಡವಾದರೆ ಕಾಲಿನ ಬಲ ಹೋಗುತ್ತದೆ, ಆಮೇಲೆ ಜೀವವೂ, ಎಂದರು. ಮನೆಗೆ ಬಂದು, ಅಪ್ಪನ ಔಷಧಿಯಿರುತ್ತಿದ್ದ ಫ್ರಿಜ್ಜಿನ ಬಾಗಿಲಿನ ಅದೇ ಗೂಡಿನಲ್ಲಿ ಪುಟ್ಟ ಸೀಸೆಯಿಟ್ಟೆ. ಪಕ್ಕದ ಮನೆಯ ನಿಂಗಣ್ಣ ಬೇಲಿಯಾಚೆಯಿಂದ ಸುದ್ದಿ ಕೇಳಿ ನಕ್ಕ: "ಕೊತ್ತಿಗೆ ಶುಗರ್ರಾ? ಬುಡವ್ವ, ಇನ್ನು ನಮ್ ಕೋಳಿಗೆ ಬೀಪಿ ಬಂದ್ಬುಡ್ತದೆ." ನನಗೂ ನಗು ಬರಬೇಕಿತ್ತು. ಬರಲಿಲ್ಲ.

ಅವ್ವ ಮಾತ್ರ ದುಃಖದ ನಡುವೆಯೂ ಏನೋ ಗೆದ್ದವಳ ಹಾಗೆ ಕಂಡಳು. "ಈಗ್ಲಾದ್ರೂ ನಂಬ್ತೀಯಾ? ಊರಲ್ಲಿ ಇಷ್ಟು ಕೊತ್ತಿ ಅವೆ, ಯಾವುದಕ್ಕೆ ಬಂದದೆ ಈ ಕಾಯ್ಲೆ? ಅವ್ರು ಒತ್ಕಂಡೋಗಿದ್ದು, ಅವ್ರ ಜೊತೇಲೇ ಬಂದದೆ." ನಾನು ಪಥ್ಯದ ಮಾತೆತ್ತಿದೆ. ಅವಳ ಮುಖ ಕಲ್ಲಾಯಿತು. "ಒಂದ್ಸಲ ಬಾಯಿ ಕಟ್ಟಿ ಕಳಿಸ್ದೆ. ಇನ್ನೊಂದ್ಸಲಾನೂ ಕಟ್ಟು ಅಂತೀಯಾ? ನನ್ ಕೈಲಾಗಕಿಲ್ಲ."

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಮೂಕಯುದ್ಧ. ನಾನು ಸೂಜಿ ಚುಚ್ಚಿ ಶಾಲೆಗೆ ಹೋಗುವುದು, ಅವ್ವ ನನ್ನ ಬೆನ್ನ ಹಿಂದೆ ಬಟ್ಟಲು ತುಂಬುವುದು. ಸೂಜಿ ಹಿಡಿದವಳನ್ನು ಕಂಡರೆ ಕೆಂಚ ಮಂಚದಡಿ ಸೇರುತ್ತಿದ್ದ, ಬಟ್ಟಲು ಹಿಡಿದವಳ ಕಾಲಿಗೆ ಮೈಯುಜ್ಜುತ್ತಿದ್ದ. ಬದುಕಿಸಲು ಹೊರಟವಳು ವೈರಿಯಾಗಿ, ಕೊಲ್ಲುತ್ತಿರುವವಳು ತಾಯಿಯಾಗಿ ಕಾಣುವ ಈ ಲೋಕದ ನ್ಯಾಯಕ್ಕೆ ಏನೆನ್ನಲಿ? ಆ ವಾರಗಳಲ್ಲಿ ನನ್ನಲ್ಲಿ ಆಸೆಯೆಂಬುದು ಉಳಿದಿರಲಿಲ್ಲವೆಂದು ನೇರವಾಗಿಯೇ ಹೇಳಿಬಿಡುತ್ತೇನೆ. ಒಮ್ಮೆ ಕಂಡ ಸಾವನ್ನೇ ಮತ್ತೆ ಮೊದಲಿನಿಂದ ಕಾಣುತ್ತಿದ್ದೆ; ಅದೇ ಬಾಯಾರಿಕೆ, ಅದೇ ಇರುವೆ, ಅದೇ ಗೂಡಿನ ಸೀಸೆ. ಶ್ರಾವಣ ಮುಗಿಯುವ ಹೊತ್ತಿಗೆ ಕೆಂಚನ ಹಿಂಗಾಲು ಹಿಮ್ಮಡಿಯೂರಿ ತೆವಳುವಂತಾಯಿತು.

ಮತ್ತೆ ಬುಟ್ಟಿ, ಮತ್ತೆ ಬಸ್ಸು. ಡಾಕ್ಟರು ಯಂತ್ರ ನೋಡಿ, ನನ್ನ ಮುಖ ನೋಡಿ, "ಮನೇಲಿ ಯಾರೋ ಕೊಡ್ತಾ ಇದ್ದಾರೆ ಮೇಡಂ" ಎಂದರು. ನಾನು ಅಪ್ಪನ ಎಡೆಯ ಕಥೆಯನ್ನೆಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. ಕೆಂಚನ ತಲೆ ಸವರುತ್ತ, "ಒಂದು ವಿಷಯ ಗೊತ್ತಾ? ಬೆಕ್ಕಿನ ನಾಲಿಗೆಗೆ ಸಿಹಿ ಅನ್ನೋದೇ ತಿಳಿಯಲ್ಲ. ಹುಟ್ಟಿನಿಂದಲೇ ಇಲ್ಲ. ಇವನು ತಿಂದಿರೋದು ತುಪ್ಪಕ್ಕೆ, ಹಾಲಿನ ಕೆನೆಗೆ" ಎಂದರು.

ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆಗಳು ಸರಿಯುತ್ತಿದ್ದವು, ನಾಲೆಯುದ್ದಕ್ಕೂ ಊರಿಗೆ ಊರೇ ಸಿಹಿ ಬೆಳೆಯುತ್ತ ನಿಂತಿತ್ತು, ನನ್ನ ಮಡಿಲಲ್ಲಿ ಆ ಸಿಹಿಯನ್ನೇ ಅರಿಯದ ಜೀವವೊಂದು ಅದರಿಂದಲೇ ಸಾಯುತ್ತಿತ್ತು. ಹಾಗಾದರೆ ಅವ್ವ ಇಷ್ಟು ವರ್ಷ ಉಣಿಸಿದ್ದು ಯಾರಿಗೆ? ಅಪ್ಪ ಆ ದೀಪಾವಳಿಯಲ್ಲಿ ಬಯಸಿದ್ದಾದರೂ ಬೆಲ್ಲದ ರುಚಿಯನ್ನೋ, ಹೆಂಡತಿ ಕೈಯಾರೆ ಕೊಡಲೆಂಬುದನ್ನೋ? ಬೇಕೆಂದವರಿಗೆ ಕೊಡಲಿಲ್ಲ, ತಿಂದವನಿಗೆ ಅದರ ಅರಿವೇ ಇಲ್ಲ. ಇದನ್ನು ಹೇಳಿದರೆ ಅವ್ವನ ಗಂಡ ಎರಡನೆಯ ಸಲ ಸಾಯುತ್ತಾನೆ, ಹೇಳದಿದ್ದರೆ ಕೆಂಚ ಮೊದಲನೆಯ ಸಲ. ಬೆಕ್ಕಿಗೆ ಗಂಟೆ ಕಟ್ಟುವವರಾರೆಂದು ಇಲಿಗಳೆಲ್ಲ ಸಭೆ ಸೇರಿದ್ದವಂತೆ. ನಮ್ಮ ಮನೆಯ ಸಭೆಯಲ್ಲಿ ನಾನೊಬ್ಬಳೇ ಇಲಿ.

ಹೇಳಿದ್ದು ಪಿತೃಪಕ್ಷ ಹತ್ತಿರವಾದಾಗ. ಅವ್ವ ಕಜ್ಜಾಯಕ್ಕೆಂದು ನೆನೆಸಿದ ಅಕ್ಕಿಯನ್ನು ನಡುಮನೆಯಲ್ಲಿ ಬಟ್ಟೆಯ ಮೇಲೆ ಹರಡುತ್ತಿದ್ದಳು. ಕೆಂಚ ಜಗಲಿ ಹತ್ತಲಾರದೆ ಕೆಳಗೇ ಕೂತು ಕೂಗುತ್ತಿದ್ದ. ನಾನು ಡಾಕ್ಟರ ಮಾತನ್ನು ಹಾಗೆಯೇ ಹೇಳಿದೆ. ಅವಳ ಕೈ ಅಕ್ಕಿಯ ಮೇಲೆ ನಿಂತಿತು.

"ಒಂಚೂರೂ ಗೊತ್ತಾಗಕಿಲ್ವಾ?"

"ಒಂಚೂರೂ ಇಲ್ಲ ಕಣವ್ವ."

"ಮತ್ತೆ ಅಷ್ಟು ಇಷ್ಟಪಟ್ಟು ತಿಂತಿದ್ರಲ್ಲ?"

"ತುಪ್ಪಕ್ಕೆ."

ಅವ್ವ ಅಕ್ಕಿಯನ್ನು ಹರಡುವುದರಲ್ಲಿ ತೊಡಗಿದಳು, ಹರಡಿದ್ದನ್ನೇ ಮತ್ತೆ ಮತ್ತೆ ಹರಡಿದಳು.

ಹಬ್ಬದ ದಿನ ಎಲ್ಲವನ್ನೂ ಎಂದಿನಂತೆ ಮಾಡಿದಳು. ಕಜ್ಜಾಯ, ವಡೆ, ಕೋಳಿಸಾರು, ಮುದ್ದೆ, ಆ ಹೆಸರಿನ ಬಟ್ಟಲಿನಲ್ಲಿ ಬೆಲ್ಲದ ಹಾಲು. ಧೂಪ ಹಾಕಿದ ಮೇಲೆ ಮಾತ್ರ, ಪ್ರತಿವರ್ಷ ಬೇಕೆಂದೇ ರಿಪೇರಿ ಮಾಡಿಸದೆ ಬಿಟ್ಟಿದ್ದ ಆ ಕಿಟಕಿಗೆ ಒಂದು ಹಲಗೆ ಒರಗಿಸಿದಳು. ಕೆಂಚನನ್ನು ತಾನೇ ಎತ್ತಿಕೊಂಡು ಹೊರಬಂದು ಬಾಗಿಲೆಳೆದಳು. ನಾನು ಅವಳ ಮುಖ ನೋಡಿದೆ.

"ಬರೋರು ಅವ್ರಾಗೇ ಬರ್ಲಿ" ಎಂದಳು.

ನಾವಿಬ್ಬರೂ ಬಾಗಿಲ ಮುಂದೆ ಕೂತೆವು. ಕಜ್ಜಾಯದ ಘಮಕ್ಕೆ ಕೆಂಚ ಅವಳ ಮಡಿಲಿನಿಂದ ಜಾರಿ, ಬಲವಿಲ್ಲದ ಕಾಲೆಳೆದುಕೊಂಡು ಹೋಗಿ ಬಾಗಿಲು ಕೆರೆದ. ಅವ್ವ ಕದಲಲಿಲ್ಲ. ಅವಳು ಅಷ್ಟು ಗಮನವಿಟ್ಟು ಏನನ್ನಾದರೂ ಆಲಿಸುವುದನ್ನು ನಾನೆಂದೂ ಕಂಡಿರಲಿಲ್ಲ. ಅಪ್ಪ ಬರಲೆಂದು ನಾನೂ, ವಿದ್ಯೆ ಕಲಿತವಳು, ಮನಸಾರೆ ಬೇಡಿಕೊಂಡೆ. ಕೊನೆಗೆ ಅವಳೆದ್ದು ಬಾಗಿಲು ತಳ್ಳಿದಳು. ಎಲೆ ಬಡಿಸಿದ್ದಂತೆಯೇ ಇತ್ತು. ಆರಿದ ಹಾಲಿನ ಮೇಲೆ ಕೆನೆ ಕಟ್ಟಿತ್ತು, ಎಲ್ಲೂ ಒಡೆದಿರಲಿಲ್ಲ.

"ಬಂದಿಲ್ಲ ಕಣವ್ವ" ಎಂದಳು ಅವ್ವ.

ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಹಾಲನ್ನು ಹಿತ್ತಲ ತೆಂಗಿನ ಬುಡಕ್ಕೆ ಸುರಿದು ಬಂದಳು. ಸಂಜೆ ನಾನು ಸೂಜಿ ತುಂಬಿಕೊಂಡು ಮಂಚದಡಿ ಬಗ್ಗಿದಾಗ ನನ್ನನ್ನು ಪಕ್ಕಕ್ಕೆ ಸರಿಸಿ, ಕೆಂಚನನ್ನು ಎಳೆದು ಮಡಿಲಿಗೆ ಹಾಕಿಕೊಂಡು, ಕತ್ತಿನ ಹಿಂದಿನ ತೊಗಲನ್ನು ಮಡಿಕೆ ಮಾಡಿ ಹಿಡಿದಳು. ಎಷ್ಟೋ ವರ್ಷ ಅಪ್ಪನ ಹೊಟ್ಟೆಯ ಚರ್ಮವನ್ನು ಹಾಗೆಯೇ ಹಿಡಿಯುತ್ತಿದ್ದ ಕೈ ಅದು.

"ಚುಚ್ಚು. ಯಾರೋ ಏನೋ, ಬದುಕ್ಕಳ್ಳಿ."

ಕೆಂಚ ಈಗಲೂ ಇದ್ದಾನೆ. ಇರುವೆ ಕಡಿಮೆಯಾಗಿವೆ, ಕಾಲು ಇನ್ನೂ ಸರಿಯಾಗಿಲ್ಲ, ಆಗುತ್ತದೆಂದು ಡಾಕ್ಟರು ಹೇಳಿಲ್ಲ. ಅವನಿಗೀಗ ತೆಂಗಿನ ಕರಟದಲ್ಲಿ ಬೇಯಿಸಿದ ಕೋಳಿ. ಸಂಜೆ ಅವನು ಜಗಲಿಯ ಕೆಳಗೆ ಬಂದು ಕೂಗಿದರೆ ಅವ್ವ ಹೋಗಿ ಎತ್ತಿಕೊಂಡು ಬರುತ್ತಾಳೆ, "ಬಂದ್ರಾ?" ಎಂದು ಕೇಳುವುದಿಲ್ಲ. ಬಟ್ಟಲು ಅಡುಗೆಮನೆಯ ಗೂಡಿನಲ್ಲಿ ಬೋರಲು ಬಿದ್ದಿದೆ. ಅದರಲ್ಲಿ ಯಾರೂ ಉಣ್ಣುವುದಿಲ್ಲ. ಆದರೂ ದಿನಾ ಮುಸುರೆಯ ಜೊತೆಗೆ ಅವ್ವ ಅದನ್ನೂ ಕೆಳಗಿಳಿಸಿ, ಬೂದಿ ಹಾಕಿ ಉಜ್ಜಿ, ತೊಳೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತಾಳೆ.