ಸಾಕ್ಷಿ ಹೇಳಿದ ಮೇಲೂ ಉಳಿದ ಗಂಟು

ಮೊದಲು ಅದು ಅಲಸಂದಿ ಕಾಳಿನಷ್ಟು ಇತ್ತು. ಸ್ನಾನ ಮಾಡುವಾಗ ಎಡ ಎದೆಯ ಹೊರಬದಿಯಲ್ಲಿ, ಸಾಬೂನು ಹಚ್ಚಿದ ಕೈಗೆ ತಾಗಿತು. ನೋವಿರಲಿಲ್ಲ. ಕೈ ತೆಗೆದೆ. ಮತ್ತೆ ಮುಟ್ಟಿದೆ. ಇತ್ತು.

ಯಾರಿಗೂ ಹೇಳಲಿಲ್ಲ.

ನಮ್ಮ ಮನೆ ಗಡಿಯಾಚೆ, ಮಿರಜದಲ್ಲಿ. ದೊಡ್ಡ ಆಸ್ಪತ್ರೆಗಳು ಹತ್ತು ನಿಮಿಷದ ಹಾದಿ. ಅಥಣಿ, ಜಮಖಂಡಿ, ವಿಜಯಪುರದ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ಬಳಗದವರು ಯಾರೇ ಬಂದರೂ ಇಳಿಯುವುದು ನಮ್ಮಲ್ಲೇ. ಅವರ ಜೊತೆ ಹೋಗಿ ಹೋಗಿ ಯಾವ ಡಾಕ್ಟರು ಯಾವ ವಾರ ಸಿಗುತ್ತಾರೆ, ಎಕ್ಸ್-ರೇಗೆ ಯಾವ ಬಾಗಿಲು, ಎಲ್ಲ ನನಗೆ ಬಾಯಿಪಾಠ. ಇಪ್ಪತ್ತು ವರ್ಷ ಬೇರೆಯವರ ರಿಪೋರ್ಟ್ ಹಿಡಿದು ಸಾಲಿನಲ್ಲಿ ನಿಂತವಳಿಗೆ ನನ್ನದನ್ನು ಹಿಡಿದು ನಿಲ್ಲಲು ಮಾತ್ರ ಕಾಲು ಏಳಲಿಲ್ಲ. ಇಂಥ ಗಂಟಿನವರನ್ನು ಯಾವ ವಾರ್ಡಿಗೆ ಕಳಿಸುತ್ತಾರೆ ಎಂಬುದೂ ನನಗೆ ಗೊತ್ತಿತ್ತಲ್ಲ.

ಗುರುವಾರ ಮಧ್ಯಾಹ್ನ ಹೆಂಗಸರ ಪ್ರಾರ್ಥನಾಕೂಟ ಇರುತ್ತದೆ. ನಾವು ಹದಿನೈದು ಮಂದಿ ಕನ್ನಡದವರು, ಒಂದೊಂದು ವಾರ ಒಬ್ಬೊಬ್ಬರ ಮನೆ. ನಡೆಸುವವರು ಎಲ್ಲರ ಚಿಕ್ಕಮ್ಮನಂತಿರುವ ಮಾರ್ಥಾ ಮಾವಶಿ. ಎಪ್ಪತ್ತು ದಾಟಿದ ವಿಧವೆ, ಯಾರ ಮನೆಯಲ್ಲಿ ಜ್ವರ ಅಂದರೂ ಗಂಜಿ ಡಬ್ಬಿ ಹಿಡಿದು ಹೋಗುವವರು. ಆರಂಭದ ಹಾಡಿನ ಹೊತ್ತಿಗೆ ಅವರು ಸುಮ್ಮನೆ ಎದ್ದು ಒಳಗೆ ಅಡುಗೆಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದರು. ಅದು ಅವರ ರೂಢಿ ಅಂತ ಎಲ್ಲರೂ ಬಿಟ್ಟಿದ್ದೆವು.

ಗಂಟು ಹುಣಸೆಬೀಜದಷ್ಟು ಆದಾಗ ಅವರೊಬ್ಬರಿಗೆ ಹೇಳಿದೆ. ಕೊಬ್ಬರಿ ಎಣ್ಣೆಯ ಬಾಟಲಿಗೆ ಪ್ರಾರ್ಥನೆ ಮಾಡಿ ಕೊಟ್ಟರು. ದಿನಕ್ಕೆ ಎರಡು ಸಲ ಹಚ್ಚಿಕೊಂಡೆ. ಆ ಗುರುವಾರ ಎಲ್ಲರೂ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದಾಗ ಎದೆ ಬೆಚ್ಚಗಾಯಿತು. ಮನೆಗೆ ಹೋಗಿ ಮುಟ್ಟಿದರೆ ಸಣ್ಣದಾದ ಹಾಗೆ ಅನಿಸಿತು.

ನಮ್ಮ ಕೂಟದಲ್ಲಿ ಒಂದು ಪದ್ಧತಿ ಇದೆ. ಗುಣವಾದವರು ಎದ್ದು ನಿಂತು ಸಾಕ್ಷಿ ಹೇಳಬೇಕು. ಹೇಳಿದರೆ ಗುಣ ನಿಲ್ಲುತ್ತದೆ, ಹೇಳದೆ ಮುಚ್ಚಿಟ್ಟರೆ ಹೊರಟುಹೋಗುತ್ತದೆ ಎಂದು ನಂಬುತ್ತೇವೆ. ಹಾಗಾಗಿ ಪೂರ್ತಿ ಹೋಗುವ ಮೊದಲೇ ಹೇಳಿಬಿಡುವವರೂ ಉಂಟು. ಹೇಳಿದ ಮೇಲೆ ಉಳಿದದ್ದು ಹೋಗುತ್ತದೆ ಎಂಬ ಧೈರ್ಯ. ನಾನೂ ಹಾಗೇ ಮಾಡಿದೆ. ಮುಂದಿನ ಗುರುವಾರ ಎದ್ದು ನಿಂತು, ದೇವರು ನನ್ನ ಗಂಟು ಕರಗಿಸಿದ ಅಂದೆ. ಚಪ್ಪಾಳೆ ಬಿತ್ತು. ಸಂತೋಷಕ್ಕೆ ಶಿರಾ ಮಾಡಿ ಹಂಚಿದೆ.

ಗಂಟು ಹೋಗಿರಲಿಲ್ಲ.

ಆಮೇಲೆ ನಾನು ಸಿಕ್ಕಿಬಿದ್ದೆ. ಆಸ್ಪತ್ರೆಗೆ ಹೋದರೆ ಯಾರಾದರೂ ನೋಡುತ್ತಾರೆ, ದೇವರ ಹೆಸರಿನ ಮೇಲೆ ಹೇಳಿದ ಮಾತು ಸುಳ್ಳಾಗುತ್ತದೆ. ಹೋಗದಿದ್ದರೆ ಅದು ಒಳಗೇ ಬೆಳೆಯುತ್ತದೆ. ಐದು ತಿಂಗಳು ಎಣ್ಣೆ ಹಚ್ಚಿದೆ. ಬಾಟಲಿ ಖಾಲಿಯಾದರೆ ಮಾವಶಿಯನ್ನು ಕೇಳಲು ನಾಚಿಕೆ. ಅಂಗಡಿಯ ಎಣ್ಣೆ ತಂದು ನಾನೇ ಪ್ರಾರ್ಥನೆ ಮಾಡಿಕೊಂಡೆ. ಅದು ಅಡಿಕೆಯಷ್ಟಾಯಿತು.

ಕ್ರಿಸ್ಮಸ್ಸಿಗೆ ಒಂದು ವಾರ ಇರುವಾಗ ನಾದಿನಿ ಸುನಂದಾ ಬಂದಳು. ನಮ್ಮವರ ತಂಗಿ, ಮದುವೆಯಾಗಿಲ್ಲ. ಪುಣೆಯಲ್ಲಿ ದೇವಶಾಸ್ತ್ರ ಓದಿ, ಅಲ್ಲೇ ಒಂದು ಸಭೆಯಲ್ಲಿ ಪಾದ್ರಿಯಾಗಿದ್ದಾಳೆ. ಹೆಂಗಸು ಪಾದ್ರಿಯಾಗುವುದು ನನಗೆ ಸರಿಬಂದಿರಲಿಲ್ಲ. ಅವಳ ಮಾತೂ ಅಷ್ಟೇ. ದೇವರನ್ನು ತಾಯಿ ಅಂದರೆ ಏನು ತಪ್ಪು ಅನ್ನುವಳು. ಬೇರೆ ಧರ್ಮದವರೆಲ್ಲ ನರಕಕ್ಕೆ ಹೋಗುತ್ತಾರೆ ಅಂತ ತಾನು ಹೇಳಲಾರೆ ಅನ್ನುವಳು. ಅವಳು ಶುರು ಮಾಡಿದ ಕೂಡಲೇ ನಾನು ಮಿಕ್ಸರ್ ಹಚ್ಚುತ್ತಿದ್ದೆ. ಒಂದು ಸಲ ಖಾಲಿ ಭಾಂಡೆಯನ್ನೇ ತಿರುಗಿಸಿದ್ದೆ. ಅದನ್ನು ಹೇಳಿ ನಮ್ಮವರು ಇಂದಿಗೂ ನಗುತ್ತಾರೆ.

ಆ ದಿನ ಇಬ್ಬರೂ ಕರ್ಚಿಕಾಯಿ ಮಾಡುತ್ತಿದ್ದೆವು. ಮೇಲಿನ ಹಲಗೆಯಿಂದ ರವೆ ಡಬ್ಬಿ ಇಳಿಸಲು ಕೈ ಎತ್ತಿದೆ. ಎಡಗೈ ಅರ್ಧಕ್ಕೇ ನಿಂತಿತು. ಬಾಯಿಂದ ಸಣ್ಣ ದನಿ ಬಂದಿರಬೇಕು. ಸುನಂದಾ ಲಟ್ಟಣಿಗೆ ಕೆಳಗಿಟ್ಟಳು.

“ಎಷ್ಟು ದಿನ ಆತ್ರಿ ವೈನಿ?”

ಏನೂ ಇಲ್ಲ ಅಂದೆ. ಅವಳು ಬಾಗಿಲು ಮುಂದೆ ಮಾಡಿ, ಹಿಟ್ಟಿನ ಕೈ ತೊಳೆದುಕೊಂಡು ಬಂದು, ಮುಟ್ಟಿ ನೋಡಿದಳು. ಅವಳ ಮುಖ ನೋಡಿ ನಾನು ಸೆರಗು ಎಳೆದುಕೊಂಡೆ.

“ನಾ ಸಾಕ್ಷಿ ಹೇಳೇನಿ, ಸುನಂದಾ. ಈಗ ದವಾಖಾನಿಗೆ ಹೋದ್ರ ದೇವರನ್ನ ಸುಳ್ಳ ಮಾಡಿದಂಗ ಆಗ್ತದ.”

“ದೇವರು ಯಾಕ ಸುಳ್ಳ ಆಗ್ತಾನ್ರಿ? ಸುಳ್ಳ ಹೇಳಿದವರು ನೀವು.”

ನನಗೆ ಸಿಟ್ಟು ಬಂತು. ಅವಳೂ ಸಿಟ್ಟಾಗಿದ್ದಳು. ಆಮೇಲೆ ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ ನಾನೇ ಸೋತೆ. ಕರ್ಚಿಕಾಯಿ ಆ ವರ್ಷ ಅರ್ಧಕ್ಕೇ ಉಳಿದವು.

ಮರುದಿನ ಮ್ಯಾಮೊಗ್ರಾಮ್. ಆಮೇಲೆ ಬಯಾಪ್ಸಿ. ಡಾಕ್ಟರಮ್ಮ ನನಗಿಂತ ಸಣ್ಣವಳು, ಮೆಲ್ಲಗೆ ಮರಾಠಿಯಲ್ಲಿ ವಿವರಿಸಿದಳು. ಕಂಕುಳಿಗೂ ಹಬ್ಬಿದೆ. ಮೊದಲು ಕೀಮೋ, ಆಮೇಲೆ ಆಪರೇಷನ್, ಎದೆ ಉಳಿಯುವುದಿಲ್ಲ. ಇಷ್ಟು ಹತ್ತಿರ ಇದ್ದೂ ಇಷ್ಟು ತಡ ಯಾಕೆ ಎಂದು ಕೇಳಿದಳು. ನಮ್ಮವರು ನನ್ನ ಕಡೆ ನೋಡಿದರು. ಅವರಿಗೂ ಆ ವಾರವೇ ಗೊತ್ತಾಗಿತ್ತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಹೊರಗೆ ಬಂದು, ಕುಪವಾಡದ ಕಾರ್ಖಾನೆಗೆ ಫೋನ್ ಮಾಡಿ ರಜೆ ಕೇಳಿದರು.

ಕೀಮೋದ ಔಷಧಿ ಕೆಂಪಗಿರುತ್ತದೆ. ನರ್ಸ್ ದೊಡ್ಡ ಸಿರಿಂಜಿನಿಂದ ಅದನ್ನು ಕೈಯ ನರಕ್ಕೆ ಮೆಲ್ಲಗೆ ಬಿಡುತ್ತಾಳೆ. ಮೊದಲ ಸಲ ಆ ಕೆಂಪು ನಳಿಕೆಯಲ್ಲಿ ಇಳಿದು ನನ್ನ ಕಡೆ ಬರುವುದನ್ನು ನೋಡುತ್ತಾ ಕಣ್ಣು ಮುಚ್ಚಲೂ ಆಗಲಿಲ್ಲ. ಬಾಯಿಗೆ ಕಬ್ಬಿಣದ ರುಚಿ. ಮೂರನೆಯ ವಾರಕ್ಕೆ ಹಣಿಗೆಯ ತುಂಬ ಕೂದಲು. ಆಮೇಲೆ ಹಣಿಗೆಯೇ ಬೇಡವಾಯಿತು.

ಆ ದಿನಗಳಲ್ಲಿ ಸಿಕ್ಕಿದ್ದನ್ನು ನೆನೆಯಬೇಕು. ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿತು. ನರ್ಸ್ ಜಮಖಂಡಿಯವಳು, ಸೂಜಿ ಚುಚ್ಚುವ ಮೊದಲು ಕನ್ನಡದಲ್ಲಿ ಹೇಳಿ ಚುಚ್ಚುತ್ತಿದ್ದಳು. ನಮ್ಮವರು ರೊಟ್ಟಿ ಬಡಿಯಲು ಕಲಿತರು. ಅಂಚು ಹರಿದ, ನಡುವೆ ಸುಟ್ಟ ರೊಟ್ಟಿ. ತಿಂದೆ. ಉಳಿಯಿತು, ವಾಂತಿಯಾಗಲಿಲ್ಲ.

ಆದರೂ ಭಯ ಹೋಗಲಿಲ್ಲ. ಸಾವಿನದು ಒಂದು. ಅದಕ್ಕಿಂತ ದೊಡ್ಡದು ಬೇರೆ ಇತ್ತು.

ಎರಡನೆಯ ಕೀಮೋದ ದಿನ ಸುನಂದಾ ರಜೆ ಹಾಕಿ ಬಂದಿದ್ದಳು. ಔಷಧಿ ಇಳಿಯುತ್ತಿತ್ತು. ಅವಳು ಕಿತ್ತಳೆ ಸುಲಿಯುತ್ತಿದ್ದಳು. ಇದು ನನಗೆ ಬಂದ ಶಿಕ್ಷೆ ಅಂದೆ. ಅವಳು ಅಲ್ಲ ಅನ್ನುತ್ತಾಳೆ ಎಂದು ಗೊತ್ತಿತ್ತು, ಅದಕ್ಕೇ ಪೂರ್ತಿ ಹೇಳಿಬಿಟ್ಟೆ. ನಮ್ಮತ್ತೆ, ಅಂದರೆ ಸುನಂದಾಳ ತಾಯಿ, ಆರು ವರ್ಷದ ಹಿಂದೆ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಬೆನ್ನಿಗೆ ಹುಣ್ಣು. ನಾನೇ ತೊಳೆಯುತ್ತಿದ್ದೆ. ಒಂದು ಬೆಳಿಗ್ಗೆ ಮೂರನೆಯ ಸಲ ಹಾಸಿಗೆ ಬದಲಿಸಿ, ಅಡುಗೆಮನೆಯಲ್ಲಿ ಮೊಣಕಾಲೂರಿ, ಈ ಮುದುಕಿಯನ್ನು ಕರೆದುಕೋ ಎಂದು ದೇವರನ್ನು ಬೇಡಿದ್ದೆ. ಹದಿನೈದು ದಿನಕ್ಕೆ ಹೋದರು. ಮಣ್ಣಿಗೆ ಹೋದಾಗ ಎಲ್ಲರಿಗಿಂತ ಜೋರಾಗಿ ಅತ್ತವಳು ನಾನೇ. ಆ ಬೇಡಿಕೆಯ ಲೆಕ್ಕ ಈಗ ಎದೆಗೆ ಬಂತು, ನಿನ್ನ ತಾಯಿಯನ್ನು ಸಾಯಿಸಿದವಳು ನಾನು, ಅಂದೆ.

ಸುನಂದಾ ಕಿತ್ತಳೆಯ ನಾರು ಬಿಡಿಸುತ್ತಲೇ ಇದ್ದಳು. ಎದ್ದು ಹೋಗುತ್ತಾಳೆ ಅಂದುಕೊಂಡೆ.

“ನಾನೂ ಬೇಡಿದ್ದೆರಿ ವೈನಿ,” ಅಂದಳು. “ನೀವು ಫೋನ್ ಅವ್ವನ ಕಿವಿಗೆ ಹಿಡೀತಿದ್ರಿ. ಆಕೀ ನರಳೂದು ಕೇಳಿ, ಫೋನ್ ಇಟ್ಟು, ನಾನೂ ಅದನ್ನ ಬೇಡೇನಿ. ಹಂಗಿದ್ರ ನನ್ನ ಎದ್ಯಾಗೂ ಗಂಟು ಬರಬೇಕಿತ್ತಲ್ಲ?”

ಆರು ವರ್ಷ ಹೊತ್ತದ್ದು ಅಷ್ಟರಲ್ಲಿ ಕೆಳಗಿಳಿಯಿತು. ಆದರೆ ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು, ಅದನ್ನು ನಾನು ಎಣಿಸಿರಲಿಲ್ಲ. ಶಿಕ್ಷೆ ಅಂದರೆ ಕೊಟ್ಟವನೊಬ್ಬ ಇದ್ದಾನೆ. ಕೊಟ್ಟವನು ಮನಸ್ಸು ಮಾಡಿದರೆ ತೆಗೆಯಬಹುದು. ದೇವರು ಇದನ್ನು ಕಳಿಸಿಯೇ ಇಲ್ಲ ಅಂದರೆ, ನಿಲ್ಲಿಸುವುದು ಯಾರ ಕೈಯಲ್ಲಿದೆ? ಹಾಗಂತ ಅವಳನ್ನು ಕೇಳಿದೆ. ಹಾಗಾದರೆ ಇದು ಯಾಕೆ ಬಂತು?

“ಗೊತ್ತಿಲ್ರಿ.”

ಇಷ್ಟು ವರ್ಷ ಓದಿ ಗೊತ್ತಿಲ್ಲ ಅಂದರೆ ಹೇಗೆ ಎಂದು ಗದರಿದೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಸುನಂದಾ ನಕ್ಕಳು. ಓದುವ ಮೊದಲು ಗೊತ್ತಿತ್ತು, ಓದಿದ ಮೇಲೆ ಗೊತ್ತಿಲ್ಲ ಅನ್ನುವುದನ್ನು ಕಲಿತೆ, ಅಂದಳು. ಆಮೇಲೆ ನಗು ಬಿಟ್ಟು, ದೇವರು ಮೇಲೆ ಕೂತು ರೋಗ ಹಂಚುತ್ತಾನೆ ಎಂದು ತನಗೆ ನಂಬಲಾಗುವುದಿಲ್ಲ, ಈ ಹಾಸಿಗೆಯ ಬಳಿ ಇದ್ದಾನೆ ಎಂದು ಮಾತ್ರ ನಂಬುತ್ತೇನೆ, ಅದೂ ಎಲ್ಲ ದಿನವೂ ಅಲ್ಲ, ಅಂದಳು. ಪಾದ್ರಿಯ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ನನಗದು ಸಮಾಧಾನ ತರಲಿಲ್ಲ. ಹೆದರಿಕೆಯಾಯಿತು. ಆದರೆ ಅವಳು ನನ್ನ ಹತ್ತಿರ ಸುಳ್ಳು ಹೇಳುತ್ತಿಲ್ಲ ಎಂಬುದು ಗೊತ್ತಾಯಿತು. ನನ್ನ ಹಾಗಲ್ಲ.

ನಾಲ್ಕು ಕೀಮೋ ಆದ ಮೇಲೆ ಆಪರೇಷನ್.

ಎಚ್ಚರವಾದಾಗ ಎಡಗಡೆ ಸಪಾಟು. ಪಟ್ಟಿಯ ಕೆಳಗಿಂದ ಒಂದು ನಳಿಕೆ, ಅದರ ಕೊನೆಗೆ ಡಬ್ಬಿ, ಅದರಲ್ಲಿ ಕೆಂಪು ನೀರು. ಮೂರನೆಯ ದಿನ ಡ್ರೆಸ್ಸಿಂಗ್ ಬಿಚ್ಚಿದಾಗ ಕೆಳಗೆ ನೋಡಿದೆ. ನೋಡಬಾರದಿತ್ತು. ಈ ಮೈಯನ್ನು ದೇವರ ಮುಂದೆ ಹೇಗೆ ಒಯ್ಯುವುದು ಅನಿಸಿತು. ಪೂರ್ತಿ ಗುಣವಾದ ಮೈ ಮಾತ್ರ ಆಶೀರ್ವಾದದ ಗುರುತು ಎಂದು ಕೇಳುತ್ತಲೇ ಬೆಳೆದವಳು ನಾನು.

ಅಂದು ಭಾನುವಾರ. ಮತ್ತೆ ರಜೆ ಹಾಕಿ ಬಂದಿದ್ದ ಸುನಂದಾ ಆಸ್ಪತ್ರೆಯ ಕ್ಯಾಂಟೀನಿನಿಂದ ಒಂದು ಪಾವ್ ಬ್ರೆಡ್ಡು ತಂದಳು. ಚೀಲದಿಂದ ಸಣ್ಣ ಬಾಟಲಿ ತೆಗೆದಳು. ನೋಡಿದ ಕೂಡಲೇ ಗೊತ್ತಾಯಿತು, ಅದು ನಾನೇ ಮಾಡಿಟ್ಟ ರಸ. ನಮ್ಮ ಸಭೆಯ ಆರಾಧನೆಯಲ್ಲಿ ರೊಟ್ಟಿಯ ಜೊತೆ ಕೊಡುವ ಕರ್ತನ ಭೋಜನದ ದ್ರಾಕ್ಷಾರಸ ಹದಿನಾಲ್ಕು ವರ್ಷದಿಂದ ನಾನೇ ಮಾಡುವುದು. ತಾಸಗಾಂವದ ಕರಿ ಒಣದ್ರಾಕ್ಷಿ ನೆನೆಸಿ, ಕುದಿಸಿ, ತೆಳು ಬಟ್ಟೆಯಲ್ಲಿ ಹಿಂಡಿ. ಅದನ್ನು ಕೊಡಬೇಕಾದವರು ಗಂಡಸರು ಎಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಸುನಂದಾಳ ಕೈಯಿಂದ ಒಂದು ಸಲವೂ ತೆಗೆದುಕೊಂಡಿರಲಿಲ್ಲ. ಅವಳು ಕೇಳಿರಲೂ ಇಲ್ಲ.

“ರಸ ಹಿಂಡೂ ಕೈ ನಿಮ್ದು ನಡೀತದ,” ಅಂದಳು. “ಕೊಡೂ ಕೈ ನಂದು ಯಾಕ ನಡೆಯೂದಿಲ್ರಿ?”

ಹಚ್ಚಲು ಅಲ್ಲಿ ಮಿಕ್ಸರ್ ಇರಲಿಲ್ಲ.

ಲೋಟದಲ್ಲಿ ಕೆಂಪು ಕಂಡಾಗ ಕೀಮೋದ ಸಿರಿಂಜು ನೆನಪಾಗಿ ಹಿಂದೆ ಸರಿದೆ. ಅವಳು ಲೋಟ ಹಿಡಿದೇ ಇದ್ದಳು. ನಾನು ಪಟ್ಟಿಯ ಕಡೆ ಕೈ ಮಾಡಿ, ಇಂಥ ಮೈಗೆ ಇದು ಯಾಕೆ ಅಂದೆ. ಆಗ ಅವಳು ಹೇಳಿದ್ದು ಇದು.

“ಶಿಲುಬ್ಯಾಗ ಸತ್ತು ಎದ್ದ ಮ್ಯಾಲೂ ಸ್ವಾಮಿ ಕೈಯಾಗ ಗಾಯ ಇದ್ದವಲ್ರಿ ವೈನಿ. ಮಾಯಿಸ್ಕೊಂಡು ಬರಲಿಲ್ಲ. ತೋರಿಸಿದ.”

ಆ ಕಥೆ ನನಗೆ ಚಿಕ್ಕಂದಿನಿಂದ ಗೊತ್ತು. ಆ ಗಾಯ ಮಾತ್ರ ಕಂಡಿರಲಿಲ್ಲ. ಲೋಟ ತೆಗೆದುಕೊಂಡೆ. ಎರಡು ಹನಿ ಚಾದರದ ಮೇಲೆ ಬಿದ್ದವು.

ಮತ್ತೆ ಕೀಮೋ, ಆಮೇಲೆ ರೇಡಿಯೇಷನ್. ಅದೆಲ್ಲ ಮುಗಿದ ಮೇಲೆ ಒಂದು ಕೆಲಸ ಉಳಿದಿತ್ತು. ಅದಕ್ಕೆ ಆಪರೇಷನ್ನಿಗಿಂತ ಹೆಚ್ಚು ಹೆದರಿದೆ. ಸುನಂದಾ ಜೊತೆಗೆ ಬರುತ್ತೇನೆ ಅಂದಳು. ಬೇಡ ಅಂದೆ. ಅವಳು ಹೇಳಿಕೊಟ್ಟದ್ದು ಎಂದು ಆಗಬಾರದು.

ಗುರುವಾರ ಕೂಟ ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ತಲೆಯ ಮೇಲೆ ಸೆರಗು, ಕೆಳಗೆ ಆಗ ತಾನೇ ಚಿಗುರುತ್ತಿದ್ದ ಕೂದಲು. ಎಲ್ಲರಿಗೂ ಕಾಯಿಲೆ ಗೊತ್ತಿತ್ತು, ಮತ್ತೆ ಹೊಸದಾಗಿ ಬಂತು ಎಂದುಕೊಂಡಿದ್ದರು. ಸಾಕ್ಷಿಯ ಹೊತ್ತಿಗೆ ಎದ್ದು ನಿಂತೆ. ಗೋಡೆ ಹಿಡಿದೆ.

“ಅವತ್ತ ನನ್ನ ಗಂಟು ಹೋಗಿರಲಿಲ್ಲ,” ಅಂದೆ. “ಹೋಗೇದ ಅಂತ ಹೇಳಿದೆ. ಐದು ತಿಂಗಳು ಮುಚ್ಚಿಟ್ಟೆ. ಅದರಾಗ ಕಂಕುಳಕ್ಕ ಏರಿತು. ದೇವರ ತಪ್ಪಲ್ಲ, ನನ್ನ ತಪ್ಪು. ನಿಮ್ಮೊಳಗ ಯಾರಿಗರೆ ಹಿಂಗ ಏನರೆ ಇದ್ರ, ಪ್ರಾರ್ಥನಾ ಮಾಡೂಣು. ಮರುದಿನ ನಾ ದವಾಖಾನಿಗೆ ಕರಕೊಂಡು ಹೋಗ್ತೇನಿ. ನನಗ ದಾರಿ ಗೊತ್ತದ.”

ಚಪ್ಪಾಳೆ ಬೀಳಲಿಲ್ಲ. ನಾನು ಮಾವಶಿಯ ಮುಖ ನೋಡುವ ಧೈರ್ಯ ಮಾಡಲಿಲ್ಲ, ಅವರು ಕೊಟ್ಟ ಎಣ್ಣೆಯನ್ನು ನಾನು ದೂರಿದೆ ಎಂದುಕೊಂಡಿರುತ್ತಾರೆ ಅಂತ.

“ಎಸ್ತೇರ, ನೀರು ಕೊಡು,” ಅಂದರು ಮಾವಶಿ.

ನೀರು ತಂದೆ. ಆ ದಿನ ಅವರು ಇನ್ನೂ ಅಡುಗೆಮನೆಗೆ ಎದ್ದು ಹೋಗಿರಲಿಲ್ಲ. ಕೈಚೀಲದ ಬಾಯಿ ಬಿಚ್ಚಿ, ಕರವಸ್ತ್ರದ ಗಂಟು ಬಿಚ್ಚಿ, ಅದರೊಳಗಿನ ಸಕ್ಕರೆಕಾಯಿಲೆಯ ಗುಳಿಗೆ ಅಂಗೈಯಲ್ಲಿ ಹಾಕಿಕೊಂಡರು. ಎಲ್ಲರೂ ನೋಡುತ್ತಿದ್ದೆವು. ಅವಸರ ಮಾಡದೆ ನುಂಗಿದರು. ಲೋಟ ನನ್ನ ಕೈಗೆ ಕೊಟ್ಟರು.

“ಕದ್ದು ನುಂಗಾಕ ಹತ್ತಿ ಹನ್ನೊಂದು ವರ್ಷ ಆತು,” ಅಂದರು. “ಈಗ ಹಾಡ್ರಿ.”

ಮೂಲೆಯಿಂದ ಒಬ್ಬಳು ಹಾಡು ಎತ್ತಿಕೊಂಡಳು. ಮುಗಿದ ಮೇಲೆ ಇಬ್ಬರು ನನ್ನ ಹಿಂದೆ ಅಡುಗೆಮನೆಗೆ ಬಂದು, ದನಿ ತಗ್ಗಿಸಿ, ನಾಳೆ ಎಷ್ಟು ಗಂಟೆಗೆ ಹೋಗುವುದು ಎಂದು ಕೇಳಿದರು.

ನನ್ನ ಮುಂದಿನ ಸ್ಕ್ಯಾನ್ ಮೂರು ತಿಂಗಳಿಗೆ. ಏನು ಬರುತ್ತದೋ ಗೊತ್ತಿಲ್ಲ. ಡಾಕ್ಟರಮ್ಮ ಬರೆದುಕೊಟ್ಟ ಗುಳಿಗೆಯನ್ನು ದಿನಾ ನುಂಗುವಾಗ ಹೆದರಿಕೆ ಇದ್ದೇ ಇರುತ್ತದೆ, ಪ್ರಾರ್ಥನೆಯೂ ಇರುತ್ತದೆ. ಗುಣವಾಗಿದ್ದೇನೆ ಎಂದು ಹೇಳುವುದಿಲ್ಲ. ಇವತ್ತು ಎಡಗೈ ಎತ್ತಿ ಮೇಲಿನ ಹಲಗೆಯಿಂದ ರವೆ ಡಬ್ಬಿ ಇಳಿಸಿದೆ. ಅಷ್ಟಕ್ಕೆ ನಾನು ಸಾಕ್ಷಿ.