ಫೋನ್ ಆಫ್ ಮಾಡಬೇಡಿ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈಚೆಗೆ ನಾನು ನನ್ನ ಫೋನಿಗೆ ನಾನೇ ಫೋನ್ ಮಾಡುವುದನ್ನು ಕಲಿತಿದ್ದೇನೆ. ಹೆಂಡತಿಯ ಫೋನ್ ಎತ್ತಿಕೊಂಡು ಹಿತ್ತಲಿಗೆ ಹೋಗುವುದು, ನನ್ನ ನಂಬರ್ ಒತ್ತುವುದು, ಅಂಗಿ ಜೇಬಿನಲ್ಲಿ ಅದು ಕೂಗಿಕೊಂಡ ಮೇಲೆ ಸದ್ಯ, ಯಂತ್ರದಲ್ಲಿ ದೋಷವಿಲ್ಲ ಅಂದುಕೊಂಡು ಒಳಗೆ ಬರುವುದು. ರಿಪೇರಿ ಮಾಡಿ ಬದುಕಿದವರ ಕಾಯಿಲೆ ಇದು. ಏನೇ ನಿಂತುಹೋದರೂ ಮೊದಲು ಕರೆಂಟ್ ಬರುತ್ತಿದೆಯಾ ಅಂತ ನೋಡುತ್ತೇವೆ. ಕರೆಂಟೇನೋ ಬರುತ್ತಿತ್ತು. ಮಗಳ ಫೋನು ಬರುತ್ತಿರಲಿಲ್ಲ.

ಮಂಡಿ ಮೊಹಲ್ಲಾದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರು, ಫ್ಯಾನು, ಮಿಕ್ಸಿ ಇವುಗಳ ಹೊಟ್ಟೆ ಬಿಚ್ಚಿ, ಕರಕಲಾದ ತಾಮ್ರದ ತಂತಿ ತೆಗೆದು, ಹೊಸದು ಸುತ್ತುವ ಕೆಲಸ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಬಿಡಿಸಿದರು ಅಂತ ಬೇರೆಯವರಿಗೆ ಹೇಳುತ್ತೇನೆ, ನಿಜವಾಗಿ ಬಿಟ್ಟವನು ನಾನೇ. ಆದರೆ ನಾನು ಸುತ್ತಿದ ಮೋಟರು ವಾಪಸ್ ಬಂದದ್ದು ಕಡಿಮೆ. ಬಂದರೂ ಅದು ಗಿರಾಕಿಯ ತಪ್ಪು. ಇಂಜಿನಿಯರಿಂಗ್ ಓದಿದವರು ನನ್ನ ಅಂಗಡಿ ಮುಂದೆ ಕೈಕಟ್ಟಿ ನಿಂತು ನೋಡಿದ್ದಾರೆ. ಇದನ್ನು ಹೇಳದೆ ನಾನು ಯಾವ ಮಾತನ್ನೂ ಮುಗಿಸುವುದಿಲ್ಲ ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ. ನೋಡಿ, ಈಗಲೂ ಹೇಳಿಬಿಟ್ಟೆ.

ಈ ಕೆಲಸದಲ್ಲಿ ಸುತ್ತಿನ ಲೆಕ್ಕ ಮುಖ್ಯ. ಒಂದು ಸುರುಳಿಗೆ ಇಷ್ಟು ಸುತ್ತು ಅಂದರೆ ಅಷ್ಟೇ. ನಡುವೆ ಲೆಕ್ಕ ತಪ್ಪಿದರೆ ಬಿಚ್ಚಿ ಮೊದಲಿಂದ ಸುತ್ತಬೇಕು. ಹೋದ ವರ್ಷ ಒಂದು ಮಧ್ಯಾಹ್ನ ಹಿಟ್ಟಿನ ಗಿರಣಿಯ ಮೋಟರು ಸುತ್ತುತ್ತಿದ್ದೆ. ಗಲ್ಫ್‌ನಲ್ಲಿ ನರ್ಸ್ ಆಗಿರುವ ಮಗಳು ಶೈಲಾ ಫೋನ್ ಮಾಡಿದಳು. "ಅಪ್ಪಾ, ಸಾಕಾಗ್ಹೋಗಿದೆ. ಬಂದ್ಬುಡ್ಲಾ?" ಅಂದಳು. ಫೋನು ಕಿವಿ ಮತ್ತು ಹೆಗಲಿನ ನಡುವೆ, ತಂತಿ ಕೈಯಲ್ಲಿ, ಲೆಕ್ಕ ತಲೆಯಲ್ಲಿ. "ಒಪ್ಕೊಂಡ ಕೆಲ್ಸ ಅರ್ಧಕ್ಕೆ ಬಿಟ್ಟು ಬರೋದು ನಮ್ಮ ಮನೇಲಿಲ್ಲ ಕಣಮ್ಮ," ಅಂದೆ. ಸ್ಕೂಲನ್ನು ಅರ್ಧಕ್ಕೆ ಬಿಟ್ಟವನ ಬಾಯಲ್ಲಿ ಎಂಥ ಮಾತು! "ಸರಿ ಅಪ್ಪಾ," ಅಂತ ಅವಳು ಇಟ್ಟಳು. ನನ್ನ ಲೆಕ್ಕ ತಪ್ಪಲಿಲ್ಲ. ಆ ಮೋಟರು ಈಗಲೂ ಬೆಣ್ಣೆಯ ಹಾಗೆ ತಿರುಗುತ್ತಿದೆ.

ಅವಳು ಬರಲಿಲ್ಲ. ಅಲ್ಲಿಂದೀಚೆಗೆ ಫೋನ್ ಮಾಡಿದರೆ ಅಮ್ಮನಿಗೆ. ಆಮೇಲೆ ಆ ಕಡೆ ಯುದ್ಧ ಹತ್ತಿ ಆಕಾಶದಲ್ಲಿ ಬೆಂಕಿ ಹಾರಾಡಲು ಶುರುವಾಯಿತು. ವಿಮಾನ ನಿಂತವು. ಟೀವಿಯವರು ನಮ್ಮ ಮಗಳಿರುವ ಊರಿನ ಹೆಸರನ್ನು ಕೆಂಪಕ್ಷರದಲ್ಲಿ ಬರೆದು ಕುಣಿಸತೊಡಗಿದರು. ಬಂದುಬಿಡಲಾ ಅಂತ ಕೇಳಿದವಳನ್ನು ಅಲ್ಲೇ ಇರು ಅಂತ ನಿಲ್ಲಿಸಿದವನು ನಾನು. ಇದನ್ನು ಹೆಂಡತಿ ಸುಗುಣ ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಮಾಡಬಹುದಿತ್ತು. ಅವಳು ಮಗಳ ಜೊತೆ ಮಾತಾಡುವಾಗ ನಾನು ಅಡುಗೆಮನೆಯಲ್ಲಿ ಏನೋ ಹುಡುಕುತ್ತಿದ್ದೆ. ಇಷ್ಟು ವರ್ಷದಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲದವನು ಒಂದೇ ವಾರದಲ್ಲಿ ಎಲ್ಲ ಡಬ್ಬಿಯ ಒಳಗೂ ನೋಡಿದೆ. ಫೋನ್ ಇಟ್ಟ ಮೇಲೆ ಸುಗುಣ, "ಅಪ್ಪ ಊಟ ಮಾಡಿದ್ರಾ ಅಂತ ಕೇಳಿದ್ಲು ಕಣ್ರೀ," ಅನ್ನುವಳು. ಅದು ಇವಳೇ ಸೇರಿಸುವ ಮಾತು ಅಂತ ನನಗೆ ಗುಮಾನಿ.

ಇನ್ನು ನಮ್ಮ ಚರ್ಚಿನ ವಿಷಯ. ಚಿಕ್ಕ ಚರ್ಚು. ಊರಿನ ಬೇರೆ ಸಭೆಗಳವರು ನಮ್ಮನ್ನು 'ಸಡಿಲದವರು' ಅನ್ನುತ್ತಾರೆ. ನಮ್ಮಲ್ಲಿ ಪ್ರಸಂಗ, ಅಂದರೆ ಭಾನುವಾರದ ಉಪದೇಶ, ಮಾಡುವುದು ಹೆಂಗಸು, ನಮ್ಮ ಪಾಸ್ಟರಮ್ಮ. ಕುಂಕುಮ ಇಟ್ಟವರು ಬರಬಹುದು, ಟೋಪಿ ಹಾಕಿದವರು ಬರಬಹುದು, ನಂಬಿಕೆಯೇ ಇಲ್ಲದವರು ಬಂದು ಬರೀ ಟೀ ಕುಡಿದು ಹೋಗಬಹುದು. ಹಾಗೆ ಟೀಗೆ ಅಂತ ಬಂದವರೊಬ್ಬರು ಈಗ ಕಮಿಟಿಯಲ್ಲಿದ್ದಾರೆ. ಸಡಿಲ ಅನ್ನುವವರಿಗೆ ನಾನು ಕೊಡುವ ಉತ್ತರ ನನ್ನ ಕಸುಬಿನದು. ಮೋಟರಿನ ಬೇರಿಂಗಿಗೆ ಕೂದಲೆಳೆಯಷ್ಟು ಆಟ ಇರಬೇಕು ಸ್ವಾಮಿ. ಅದಿಲ್ಲದೆ ಬಿಗಿಯಾಗಿ ಕೂರಿಸಿದರೆ ಮೊದಲ ದಿನ ಭರ್ಜರಿಯಾಗಿರುತ್ತದೆ, ಬಿಸಿಯಾದಾಗ ತಿರುಗದೆ ಹಿಡಿದುಕೊಂಡುಬಿಡುತ್ತದೆ. ಬಿಗಿಯಾಗಿ ಹಿಡಿದವುಗಳನ್ನೇ ಬಿಚ್ಚಿ ನಾನು ಮಗಳನ್ನು ಓದಿಸಿದ್ದು.

ಇಷ್ಟು ಸಡಿಲದ ಚರ್ಚಿನಲ್ಲಿ ಬಿಗಿಯಾಗಿದ್ದದ್ದು ಒಂದೇ ಒಂದು ನಿಯಮ: ಬಾಗಿಲಲ್ಲಿ ಫೋನ್ ಆಫ್. ಬುಟ್ಟಿ ಇಟ್ಟಿದ್ದರು, ಅದರಲ್ಲಿ ಹಾಕಿ ಒಳಗೆ ಹೋಗಬೇಕು. ಗಲ್ಫ್ ಸುದ್ದಿ ಜೋರಾದ ಮೊದಲ ಭಾನುವಾರ ಆ ಬುಟ್ಟಿಯ ಹತ್ತಿರ ಸಾಲು ನಿಂತುಬಿಟ್ಟಿತು. ಯಾರೂ ಫೋನ್ ಬಿಡುತ್ತಿಲ್ಲ. ನಮ್ಮ ಸಭೆಯಲ್ಲಿ ಏಳು ಮನೆಯವರಿಗೆ ಆ ಕಡೆ ಮಕ್ಕಳಿದ್ದಾರೆ. ಬುಟ್ಟಿಗೆ ಹಾಕಲೂ ಆಗದೆ, ನಿಯಮ ಮುರಿಯಲೂ ಆಗದೆ ಎಲ್ಲರೂ ಫೋನನ್ನು ಕೋಳಿಮರಿಯಂತೆ ಎದೆಗೆ ಒತ್ತಿಕೊಂಡಿದ್ದರು. ಪಾಸ್ಟರಮ್ಮ ಬಂದು ನೋಡಿದರು. ಬುಟ್ಟಿ ಎತ್ತಿ ಮೂಲೆಗಿಟ್ಟರು.

"ಇವತ್ತಿಂದ ಯಾರೂ ಆಫ್ ಮಾಡಬೇಡಿ. ಸೌಂಡ್ ಪೂರ್ತಿ ಇಡಿ. ಯಾರದು ಬಡ್ಕೊಂಡ್ರೂ ಎತ್ತಿ ಮಾತಾಡಿ, ನಾವೆಲ್ಲ ಕಾಯ್ತೀವಿ."

ಕಮಿಟಿಯ ಹಿರಿಯರೊಬ್ಬರು, "ದೇವರ ಕೆಲ್ಸಕ್ಕೆ ಅಡ್ಡಿ ಆಗಲ್ವಾ ಪಾಸ್ಟರಮ್ಮ?" ಅಂದರು.

"ದೇವರಿಗೇನೂ ಆಗಲ್ಲ. ನನಗೇ, ಎಲ್ಲಿ ನಿಲ್ಸಿದ್ದೆ ಅಂತ ಮರ್ತೋಗುತ್ತೆ. ಹೋಗ್ಲಿ ಬಿಡಿ."

ಫೋನ್ ಸದ್ದು ಕೇಳಲಿ ಅಂತ ಫ್ಯಾನುಗಳನ್ನು ನಿಲ್ಲಿಸಿದರು. ಬೇಸಿಗೆ. ಅದಕ್ಕಿಂತ ನನಗೆ ಉರಿದದ್ದು, ಆ ಹನ್ನೊಂದು ಫ್ಯಾನೂ ನನ್ನ ಕೈಯಿಂದ ಸುತ್ತಿದವು. "ಆ ಸದ್ದು ವೈಂಡಿಂಗಿಂದಲ್ಲ, ಬೇರಿಂಗಿಂದು," ಅಂತ ಎದ್ದು ನಿಂತು ವಿವರಿಸಿದೆ. ಹಿರಿಯರು, "ಯಾವ್ದಾದ್ರೂ ಆಗ್ಲಿ, ಸ್ವಿಚ್ಚು ನಿಮ್ಮ ಪಕ್ಕದಲ್ಲೇ ಇದೆ," ಅಂದರು.

ಮೊದಲು ಬಡಿದುಕೊಂಡದ್ದು ರಿಟೈರಾದ ಮೇಷ್ಟರೊಬ್ಬರ ಫೋನು. ಅವರಿಗೆ ಕಿವಿ ಮಂದ, ಫೋನಿನಲ್ಲಿ ಸದಾ ಸ್ಪೀಕರು. ಅವರ ಸೊಸೆ ಅಲ್ಲಿಂದ, "ಮಾವ, ನಾವು ಚೆನ್ನಾಗಿದ್ದೀವಿ. ನೀವು ಬಿಪಿ ಮಾತ್ರೆ ತಗೊಂಡ್ರಾ?" ಅಂದದ್ದು ಇಡೀ ಚರ್ಚಿಗೆ ಕೇಳಿತು. ಮೇಷ್ಟರು ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡೆ ಅಂದರು. ಅವರ ಹೆಂಡತಿ ಹೆಂಗಸರ ಸಾಲಿನಿಂದ, "ಸುಳ್ಳು ಕಣಮ್ಮ!" ಅಂತ ಕೂಗಿದರು. ಚರ್ಚಿಗೆ ಚರ್ಚೇ ನಕ್ಕಿತು. ವಾರದಿಂದ ಯಾರೂ ನಕ್ಕಿರಲಿಲ್ಲ. ಅಲ್ಲಿಂದ ಸ್ಪೀಕರ್ ಹಾಕಿ ಮಾತಾಡುವುದೇ ಪದ್ಧತಿಯಾಗಿಹೋಯಿತು.

ನನಗೆ ಹಳೇ ಕಾಲ ನೆನಪಾಯಿತು. ಬೀದಿಗೊಂದು ಫೋನಿದ್ದ ಕಾಲದಲ್ಲಿ ನಮ್ಮಂಥವರು ವಿಳಾಸದ ಚೀಟಿಯಲ್ಲಿ ಪಕ್ಕದ ಮನೆಯವರ ನಂಬರ್ ಬರೆದು ಮುಂದೆ 'ಪಿಪಿ' ಅಂತ ಸೇರಿಸುತ್ತಿದ್ದೆವು. ಫೋನ್ ಬಂದರೆ ಆ ಮನೆಯವರು ಕಾಂಪೌಂಡಿನ ಮೇಲಿಂದ ಕೂಗುವರು. ಒದ್ದೆ ಕೈಯಲ್ಲೇ ಓಡಿಹೋಗಿ ಅವರ ನಡುಮನೆಯಲ್ಲಿ ನಿಂತು ಮಾತಾಡಬೇಕು. ಸಾವು, ಹೆರಿಗೆ, ಹೆಣ್ಣು ಒಪ್ಪಿದ್ದು ಎಲ್ಲವನ್ನೂ ಆ ಮನೆಯವರು ಟೀವಿ ಸದ್ದು ಸಣ್ಣ ಮಾಡಿ ಕೇಳಿಸಿಕೊಳ್ಳುವರು. ಆಗ ಮುಜುಗರವಾಗುತ್ತಿತ್ತು. ಆದರೆ ಕೆಟ್ಟ ಸುದ್ದಿ ಬಂದಾಗ ಫೋನ್ ಇಡುವಷ್ಟರಲ್ಲಿ ಆ ಮನೆಯಾಕೆ ಒಂದು ಲೋಟ ನೀರು ಹಿಡಿದು ಹಿಂದೆ ನಿಂತಿರುವರು. ಆಮೇಲೆ ಜೇಬಿಗೊಂದು ಫೋನ್ ಬಂತು. ನೀರಿನ ಲೋಟ ಹೋಯಿತು. ಅವರವರ ದಿಗಿಲು ಅವರವರ ಜೇಬಿನಲ್ಲೇ ನಡುಗತೊಡಗಿತು.

ಮೂರನೇ ಭಾನುವಾರ ನಂಜಮ್ಮ ಬಂದರು. ನನ್ನ ಅಂಗಡಿಯ ಎದುರು ಹೂವು ಮಾರುವ ಹೆಂಗಸು. ಮಗ ಮಹೇಶ ಅದೇ ಗಲ್ಫ್‌ನಲ್ಲಿ ಲಾರಿ ಡ್ರೈವರ್. ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗಿ, ಹಣೆ ತುಂಬ ಕುಂಕುಮ ಇಟ್ಟುಕೊಂಡು, ಬಟನ್ ಒತ್ತುವ ಹಳೇ ಫೋನನ್ನು ಕೈಯಲ್ಲಿ ಹಿಡಿದು ನೇರ ಬಂದು ನನ್ನ ಪಕ್ಕದ ಬೆಂಚಿನಲ್ಲೇ ಕೂತರು. "ಅಮ್ಮಂಗೂ ಕೈಮುಗ್ದು ಬಂದಿವ್ನಿ ಕಣಪ್ಪ. ಮನೇಲಿ ಒಬ್ಳೇ ಈ ಫೋನ್ ನೋಡ್ಕೊಂಡು ಕೂತ್ರೆ ತಲೆ ಕೆಡ್ತದೆ. ಇಲ್ಲಿ ಎಲ್ರೂ ಒಟ್ಟಿಗೆ ನೋಡ್ಕೊಂಡು ಕೂರ್ತೀರಂತಲ್ಲ," ಅಂದರು. ನಮ್ಮ ಆರಾಧನೆಯನ್ನು ಇದಕ್ಕಿಂತ ಸರಿಯಾಗಿ ಯಾರೂ ಹೇಳಿಲ್ಲ.

ಆದರೆ ನನಗೆ ಕೂರಲು ಆಗುತ್ತಿರಲಿಲ್ಲ. ಪ್ರಾರ್ಥನೆ ಅಂದರೆ ಕಣ್ಣು ಮುಚ್ಚಬೇಕು. ಮುಚ್ಚಿದರೆ ಟೀವಿಯ ಕೆಂಪಕ್ಷರ. ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡೇ ಹೋಗುತ್ತಿದ್ದೆ. ಸ್ವಿಚ್ ಬೋರ್ಡ್ ಬಿಗಿ ಮಾಡುವುದು, ಮೈಕಿನ ವೈರು ನೋಡುವುದು, ಏನಾದರೊಂದು ನೆಪ. "ಮಗಳು ಮಾತಾಡಿದ್ಲಾ?" ಅಂತ ಯಾರಾದರೂ ಕೇಳಿದರೆ, "ಓ, ದಿನಾ ಮಾಡ್ತಾಳೆ ನಂಗೆ," ಅನ್ನುತ್ತಿದ್ದೆ. ಚರ್ಚಿನೊಳಗೆ ನಿಂತು ಹೇಳಿದ ಸುಳ್ಳು. ಪಕ್ಕದಲ್ಲಿ ಸುಗುಣ ನೆಲ ನೋಡುತ್ತಿದ್ದಳು.

ಮುಂದಿನ ವಾರ ಮೂರು ದಿನ ಅವಳಿಗೂ ಫೋನ್ ಬರಲಿಲ್ಲ. ನಾವು ಮಾಡಿದರೆ ಲೈನ್ ಸಿಗುತ್ತಿರಲಿಲ್ಲ. ಭಾನುವಾರ ಪ್ರಸಂಗದ ನಡುವೆ ಸುಗುಣನ ಫೋನ್ ಬಡಿದುಕೊಂಡಿತು. ಪಾಸ್ಟರಮ್ಮ ಅರ್ಧ ವಾಕ್ಯದಲ್ಲಿ ನಿಂತರು. ಸುಗುಣನಿಗೆ ಒತ್ತಲು ಕೈ ಬರಲಿಲ್ಲ. ಎದ್ದು ಬಂದು ಫೋನನ್ನು ನನ್ನ ಕೈಗೆ ಹಾಕಿಬಿಟ್ಟಳು. ಪದ್ಧತಿಯಂತೆ ಸ್ಪೀಕರ್ ಹಾಕಿ ಎತ್ತಿದೆ.

"ಅಮ್ಮಾ?"

"ಅಮ್ಮ ಅಲ್ಲ ಕಣಮ್ಮ, ನಾನು."

 

"ಅಪ್ಪಾ? ನೀನ್ಯಾಕೆ ಎತ್ತಿದೆ? ಅಮ್ಮಂಗೆ ಏನಾಯ್ತು?"

ಬೆಂಕಿ ಸುರಿಯುತ್ತಿರುವುದು ಅವಳ ಊರಿನಲ್ಲಿ, ಅಪ್ಪ ಫೋನ್ ಎತ್ತಿದ ಅಂತ ಹೆದರಿದವಳು ಅವಳು. ಅಷ್ಟು ಅಪರೂಪದ ಮನುಷ್ಯ ನಾನು.

"ಏನೂ ಆಗಿಲ್ಲ, ಚರ್ಚಲ್ಲಿದ್ದೀವಿ."

"ಚರ್ಚಲ್ಲಿ ಫೋನಾ? ಪಾಸ್ಟರಮ್ಮ ಬೈತಾರೆ, ಇಡಪ್ಪಾ!"

"ಬೈಯಲ್ಲ ಶೈಲಾ, ಮಾತಾಡು!" ಅಂದರು ಪಾಸ್ಟರಮ್ಮ, ಮೈಕಿನಲ್ಲೇ.

ಆಗ ನನಗೆ ಏನಾಯಿತೋ ಗೊತ್ತಿಲ್ಲ. ಮನೆಯ ನಾಲ್ಕು ಗೋಡೆಯ ನಡುವೆ ಸತ್ತರೂ ಯಾವುದನ್ನು ಹೇಳುತ್ತಿರಲಿಲ್ಲವೋ ಅದನ್ನು ನೂರು ಜನರ ಮುಂದೆ ಹೇಳಿದೆ. "ಹೋದ ವರ್ಷ ನೀನು ಬರ್ತೀನಿ ಅಂದಾಗ ಬರ್ಬೇಡ ಅಂದ್ಬುಟ್ಟೆ. ತಪ್ಪಾಯ್ತು ಕಣಮ್ಮ. ದಾರಿ ತೆಗೆದ ತಕ್ಷಣ ಬಂದ್ಬುಡು. ಕೆಲಸ ಎಷ್ಟರಲ್ಲಿದ್ರೆ ಅಷ್ಟಕ್ಕೇ ಬಿಟ್ಟು ಬಾ."

ಅವಳು ನಕ್ಕಳು. "ಅಯ್ಯೋ, ಅದನ್ನ ಇಟ್ಕೊಂಡಿದ್ಯಾ ಇನ್ನೂ? ನೀನು ಅಂದೆ ಅಂತ ನಿಂತೆ ಅನ್ಕೊಂಡ್ಯಾ? ಆ ವಾರಾನೇ ನನ್ನನ್ನ ಮಕ್ಕಳ ವಾರ್ಡಿಗೆ ಹಾಕಿದ್ರಪ್ಪ. ಇಷ್ಟ ಆಯ್ತು, ಉಳ್ಕೊಂಡೆ. ಅಮ್ಮಂಗೆ ಹೇಳಿದ್ನಲ್ಲ."

"ಮತ್ತೆ ನಂಗ್ಯಾಕೆ ಫೋನ್ ಮಾಡಲ್ಲ?"

"ನೀನು ಸುತ್ತುತಾ ಇರ್ತೀಯ, ಲೆಕ್ಕ ತಪ್ಪುತ್ತೆ ಅಂತ," ಅಂದಳು. ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲಿದ್ದೇವೆ, ಮಕ್ಕಳನ್ನೂ ಇಳಿಸಿಕೊಂಡಿದ್ದೇವೆ, ಊಟ ಇದೆ, ಹೆದರಬೇಡಿ ಅಂತ ಹೇಳುತ್ತಿರುವಾಗಲೇ ಲೈನ್ ಹೋಯಿತು.

ನಾನು ನಿಂತೇ ಇದ್ದೆ. ನಂಜಮ್ಮ ನನ್ನ ಅಂಗಿ ಹಿಡಿದು ಎಳೆದರು. "ಕೂತ್ಕಳಪ್ಪ. ನಿನ್ ಮಾತು ಯಾರ್ ಕೇಳವ್ರೆ? ಮಕ್ಳು ಅವ್ರಿಗೆ ಇಷ್ಟ ಬಂದಂಗೆ ಇರ್ತವೆ. ನಾವೇ ಸುಮ್ಕೆ ನಾವ್ ಮಾಡಿದ್ದು ಅನ್ಕೊಂಡು ಸಾಯ್ತೀವಿ."

ಎಷ್ಟೋ ತಿಂಗಳು ಆ ಒಂದು ಮಾತನ್ನು ಹೊತ್ತು ತಿರುಗಿದ್ದೆ. ನನ್ನ ನಾಲಗೆಯೇ ಮಗಳನ್ನು ಬೆಂಕಿಯಲ್ಲಿ ಕೂಡಿಹಾಕಿತು ಅಂತ ಕೊರಗಿದ್ದೆ. ಈಗ ನೋಡಿದರೆ ಆ ಮಾತಿಗೆ ಅಷ್ಟು ಶಕ್ತಿಯೇ ಇರಲಿಲ್ಲ. ನಿಜ ಹೇಳಲಾ? ಹಗುರವಾದ ಹಾಗೆ ಒಂದು ಚೂರು ಅವಮಾನವೂ ಆಯಿತು. ತಪ್ಪೆಲ್ಲ ನನ್ನದೇ ಅಂತ ಕೊರಗುವುದರಲ್ಲೂ ಒಂದು ಜಂಬ ಇರುತ್ತದೆ. ಲೋಕವೆಲ್ಲ ನನ್ನ ಸ್ವಿಚ್ಚಿನಿಂದಲೇ ತಿರುಗುತ್ತಿದೆ ಅನ್ನುವ ಜಂಬ. ಇದನ್ನು ನಾನು ಒಬ್ಬನೇ ಹಿತ್ತಲಲ್ಲಿ ನಿಂತು ಕಂಡುಕೊಳ್ಳುತ್ತಿದ್ದೆನಾ? ಇಲ್ಲ. ಸ್ಪೀಕರ್ ಹಾಕಿ, ಅಷ್ಟೂ ಜನ ಕೇಳಿಸಿಕೊಂಡು, ಹೂವಿನ ನಂಜಮ್ಮ ಅಂಗಿ ಜಗ್ಗಬೇಕಾಯಿತು.

ಇದಾದ ಮೇಲೆ ನನ್ನ ಚಡಪಡಿಕೆ ನಿಲ್ಲಬೇಕಿತ್ತು. ನಿಂತಿಲ್ಲ. ಶೈಲಾ ಇನ್ನೂ ಅಲ್ಲೇ ಇದ್ದಾಳೆ, ಆಕಾಶವೂ ಹಾಗೇ ಇದೆ. ಮೊದಲು ಒಂದು ಮನೆಯ ದಿಗಿಲಿತ್ತು, ಈಗ ಎಂಟು ಮನೆಯದಾಗಿದೆ. ಮೇಷ್ಟರ ಸೊಸೆ ಇನ್ನೊಂದು ಭಾನುವಾರ ನೀರಿಗೆ ತೊಂದರೆ ಅಂದದ್ದು ಅಂಗಡಿಯಲ್ಲಿ ನೆನಪಾಗುತ್ತದೆ. ಮಹೇಶನ ಮುಖ ನಾನು ನೋಡಿಲ್ಲ, ಆದರೂ ಟೀವಿಯಲ್ಲಿ ಲಾರಿ ಕಂಡರೆ ಎದ್ದು ಹತ್ತಿರ ಹೋಗಿ ನೋಡುತ್ತೇನೆ. ಅವನ ಸುದ್ದಿ ಒಂಬತ್ತು ದಿನದಿಂದ ಇಲ್ಲ.

ಹೋದ ಭಾನುವಾರ ಅವನ ತಾಯಿಯ ಆ ಬಟನ್ ಫೋನು ಬಡಿದುಕೊಂಡಿತು. ಅವರು ಎತ್ತುವ ಮೊದಲೇ ಬೆಂಚುಗಳು ಕಿರುಗುಟ್ಟಿದವು. ಮೇಷ್ಟರು ಎದ್ದಿದ್ದರು. ಸುಗುಣ ಎದ್ದಿದ್ದಳು. ದೇವರ ಕೆಲಸಕ್ಕೆ ಅಡ್ಡಿ ಅಂದಿದ್ದ ಹಿರಿಯರೂ ಎದ್ದಿದ್ದರು. ನಾನು ಎದ್ದದ್ದು ನನಗೇ ತಿಳಿದಿರಲಿಲ್ಲ.

"ಎಲ್ಲಿದ್ದೀಯವ್ವ? ಮಲ್ಲಿಗೆ ತಂದಿವ್ನಿ, ಅಂಗಡೀಲಿ ಯಾರೂ ಇಲ್ವಲ್ಲ," ಅಂತ ಹೂವು ತಂದುಹಾಕುವವನ ಒರಟು ಗಂಟಲು ಚರ್ಚಿನ ತುಂಬ ಕೇಳಿತು.

"ಚರ್ಚಲ್ಲಿವ್ನಿ, ನಮ್ಮೋರೆಲ್ಲ ಇಲ್ಲೇ ಅವ್ರೆ ಕಣಪ್ಪ. ಅಲ್ಲೇ ನೆಳ್ಳಲ್ಲಿ ಇಟ್ಟೋಗು," ಅಂದರು ನಂಜಮ್ಮ. ಫೋನನ್ನು ಸೆರಗಿನಲ್ಲಿ ಒರೆಸಿ ಮತ್ತೆ ಅಂಗೈಯಲ್ಲಿ ಇಟ್ಟುಕೊಂಡರು.

ಯಾರಿಗೂ ಕೂರಲು ತೋಚಲಿಲ್ಲ. ಪಾಸ್ಟರಮ್ಮ ಪ್ರಸಂಗದ ಹಾಳೆ ತಿರುವಿದರು, ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕಿದರು, ಸಿಗಲಿಲ್ಲ. ಹಾಳೆ ಮಡಚಿ ನಮ್ಮನ್ನು ನೋಡಿದರು.

"ಹೇಗೂ ಎದ್ದು ನಿಂತಿದ್ದೀರಲ್ಲ," ಅಂದರು, "ಒಂದು ಹಾಡು ಹೇಳಿಬಿಡೋಣ."