ಕಾಣೆಯಾಗದ ನಕ್ಷೆಗಳು

ನಮ್ಮ ನಕ್ಷೆ ವಿಭಾಗದ ಮುಖ್ಯಸ್ಥರ ಎಡಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಕೆಲಸ ಕಲಿಯುವಾಗ ಯಂತ್ರಕ್ಕೆ ಸಿಕ್ಕಿತ್ತಂತೆ. ಕಂಪ್ಯೂಟರ್ ಬಂದ ಮೇಲೆ ಕೀಲಿಮಣೆಯಲ್ಲಿ ಆ ಬೆರಳಿನದೇ ಯಜಮಾನಿಕೆ. ಉಳಿದವು ಅದರ ಅಪ್ಪಣೆಗೆ ಕಾದಿರುತ್ತಿದ್ದವು.

ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಹರಿಹರದ ನಮ್ಮ ಕಾರ್ಖಾನೆಗೆ ಬೆಳಗಿನ ಬಸ್ಸಿಗೆ ಬರುವರು. ಕಂಪ್ಯೂಟರಿನ ಹೊದಿಕೆಯನ್ನು ಗದ್ದುಗೆಯ ವಸ್ತ್ರದಂತೆ ಸರಿಸುವರು. ಯಾರಾದರೂ ಚಪ್ಪಲಿಯಲ್ಲಿ ಒಳಬಂದರೆ, “ಏನ್ರೀ, ಸಂತಿಗೆ ಬಂದೀರೇನು?”

ತೊಂಬತ್ತರ ದಶಕದ ಕೊನೆಯಲ್ಲಿ ಯಂತ್ರಗಳ ನಕ್ಷೆಗಳೆಲ್ಲ ಆ ಕಂಪ್ಯೂಟರಿಗೆ ಸೇರಿದವು. ಅವುಗಳ ಕಾವಲು ನನ್ನದು. ಎಲ್ಲವೂ ಇವೆಯೇ ಎಂದು ಪರೀಕ್ಷಿಸಲು ಅವರೇ ಒಂದು ಪ್ರೋಗ್ರಾಮ್ ಬರೆದಿದ್ದರು. ಅದು ಮೊದಲು ಬಿಡಿಭಾಗಗಳ ನಕ್ಷೆಗಳನ್ನು ನೋಡಿ, ಆಮೇಲೆ ಅವನ್ನು ಜೋಡಿಸುವ ದೊಡ್ಡ ನಕ್ಷೆಗೆ ಬಂದು, ಅದಕ್ಕೆ ಬೇಕಾದ ಭಾಗಗಳೆಲ್ಲ ಆಗಲೇ ನೋಡಿದವುಗಳಲ್ಲಿ ಇವೆಯೇ ಎಂದು ತಾಳೆ ಹಾಕುತ್ತಿತ್ತು. ಅರ್ಧ ದಿನ ಹಿಡಿಯುತ್ತದೆಂದು, ಡಿಸ್ಕಿನಲ್ಲಿ ಯಾವುದು ಮೊದಲು ಸಿಕ್ಕುವುದೋ ಅದನ್ನೇ ನೋಡುವಂತೆ ಬದಲಿಸಿದರು. ಕೆಲಸ ಚಹಾದ ಹೊತ್ತಿಗೇ ಮುಗಿಯಿತು. ನೂರಾರು ನಕ್ಷೆಗಳು ಕಾಣೆಯೆಂಬ ವರದಿ ಮುಖ್ಯ ಕಚೇರಿಗೂ ಹೋಯಿತು. ಅಳಿಸಿದವನು ನಾನೇ ಎಂದು ತೀರ್ಮಾನವಾಗಿ, ನನ್ನ ಅಮಾನತಿನ ಆದೇಶ ಟೈಪಾಯಿತು.

ನಮ್ಮ ಮುಖ್ಯಸ್ಥರಿಗೇಕೋ ಸಮಾಧಾನವಿಲ್ಲ. ಅದೇ ಪ್ರೋಗ್ರಾಮನ್ನು ಡಿಸ್ಕಿನ ಕೊನೆಯಿಂದ ಮೊದಲಿಗೆ ನೋಡುವಂತೆ ಓಡಿಸಿದರು. ಈ ಸಲ ಬೇರೆಯೇ ನಕ್ಷೆಗಳು ಕಾಣೆ! ನನ್ನನ್ನು ಕರೆದುಕೊಂಡು ನೇರ ಮ್ಯಾನೇಜರರ ಕೋಣೆಗೆ ನಡೆದರು.

“ಸಾಹೇಬ್ರೆ, ನೋಡೋ ಸರದಿ ಬದ್ಲಿಸಿದ್ರೆ ಕಳೆದಿರೋವೂ ಬದ್ಲಾಗ್ತಾವೆ. ಯಾವ ಕಳ್ಳನೂ ಇಷ್ಟು ವಿಧೇಯ ಇರಲ್ಲರಿ. ದೊಡ್ಡ ನಕ್ಷೆ ಮೊದ್ಲು ಸಿಕ್ರೆ, ಬಿಡಿಭಾಗ ಇನ್ನೂ ನೋಡೇ ಇರಲ್ಲ. ಅಷ್ಟರಾಗೆ ‘ಇಲ್ಲ’ ಅಂತೈತೆ. ತಪ್ಪು ನನ್ ಪ್ರೋಗ್ರಾಮಿಂದು.”

“ಮ್ಯಾಲಿನೋರಿಗೆ ಏನಂತ ಬರೀಲಿ?”

“ನನ್ ಹೆಸ್ರು ಬರೀರಿ. ಇವ್ರದು ಬ್ಯಾಡ.”

ಆಮೇಲೆ, ಎಲ್ಲವನ್ನೂ ಒಮ್ಮೆ ನೋಡಿ ಮುಗಿಸಿಯೇ ಇಲ್ಲದ್ದನ್ನು ಹೇಳುವಂತೆ ಪ್ರೋಗ್ರಾಮನ್ನು ತಿದ್ದಿದರು. ಒಂದು ನಕ್ಷೆಯೂ ಕಳೆದಿರಲಿಲ್ಲ. ನನ್ನ ಆದೇಶ ಹರಿದುಹೋಯಿತು; ಕಂಪ್ಯೂಟರಿನ ಅಧಿಕಾರ ಅವರ ಕೈಬಿಟ್ಟು, ಹಳೆಯ ಕಾಗದದ ನಕ್ಷೆಗಳ ಕೋಣೆ ಅವರ ಪಾಲಿಗೆ ಬಂತು. ಅದರ ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದೆ.

“ಬರ್ರಿ, ಕೂಡ್ರಿ. ಇಲ್ಲಿ ಚಪ್ಪಲಿಗೆ ಅಡ್ಡಿ ಇಲ್ಲ” ಎಂದರು.

ಮರುವರ್ಷ ಹೃದಯಾಘಾತವಾಗಿ ತೀರಿಕೊಂಡರು. ನಾನಿನ್ನೂ ಅದೇ ಕಾವಲಿನ ಕೆಲಸದಲ್ಲಿದ್ದೆ. ಅಂದು ರಜೆ ಹಾಕಿ ದಾವಣಗೆರೆಗೆ ಹೋದೆ. ಸಮಾಧಿಯ ಕುಣಿಯ ಬಳಿ ನನ್ನ ಸರದಿ ಬಂತು. ಹಿಡಿ ಮಣ್ಣು ಹಿಡಿದ ಕೈ ಮುಂದಾಗಲಿಲ್ಲ. ಹಿಂದಿದ್ದವರೊಬ್ಬರು ಮೆಲ್ಲಗೆ, “ಹಾಕ್ರಿ, ಮಂದಿ ಕಾಯಾಕತ್ತಾರೆ” ಎಂದರು.

ಹಾಕಿದೆ.